ಟಿಕ್ಕಾ ಟಿ3ಎಕ್ಸ್ ಲೈಟ್: ಬೆಟ್ಟ ಹತ್ತುವವರಿಗೊಂದು ಹಗುರ ಕೋವಿ, ಕೆಲವು ವರ್ಷಗಳ ಬಳಕೆಯ ನಂತರ

ಹಗುರವಾದ ಬೋಲ್ಟ್ ಆ್ಯಕ್ಷನ್ ರೈಫಲ್ (ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆದು ತೋಟಾ ತುಂಬುವ ಕೋವಿ) ಕೊಳ್ಳಲು ಹೊರಟವರು ಅಂಗಡಿಗೆ ಹೋಗುವ ಮೊದಲು, ಅದೇ ಮಾದರಿಯನ್ನು ಕೆಲವು ವರ್ಷ ಬೆಟ್ಟದಲ್ಲಿ ಹೊತ್ತು ತಿರುಗಿದವರನ್ನು ಹುಡುಕಿ ಒಂದು ಪ್ರಶ್ನೆ ಕೇಳಬೇಕು: ಕೊಂಡ ಮೇಲೆ ಇದರಲ್ಲಿ ಏನೇನು ಬದಲಾಯಿಸಿದಿರಿ? ಹೇಗಿದೆ ಎಂದು ಕೇಳಿದರೆ ಎಲ್ಲರೂ ಹೊಗಳುತ್ತಾರೆ. ದೊಡ್ಡ ಮೊತ್ತ ತೆತ್ತು ತಂದ ವಸ್ತುವನ್ನು ತೆಗಳಲು ಯಾರಿಗೂ ಮನಸ್ಸು ಬರುವುದಿಲ್ಲ. ಬದಲಾಯಿಸಿದ್ದೇನು ಎಂದು ಕೇಳಿದಾಗ ಮಾತು ಬೇರೆಯಾಗುತ್ತದೆ. ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಎರಡನೆಯದು ಕೊಂಡೆ, ನಳಿಗೆ ಕತ್ತರಿಸಿದೆ, ಹಿಂಬದಿಯ ರಬ್ಬರ್ ಬದಲಾಯಿಸಿದೆ ಎಂದು ಒಂದೊಂದಾಗಿ ಹೊರಬೀಳುತ್ತದೆ. ನಾನು ಕೋವಿ ಆರಿಸಿದ್ದು ಈ ಉತ್ತರಗಳನ್ನು ನಂಬಿ. ಆ ನಂಬಿಕೆ ಇಂದಿಗೂ ಹುಸಿಯಾಗಿಲ್ಲ.

ನಾನಿರುವುದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ. ಹುಟ್ಟಿದ್ದು ಕೊಡಗಿನಲ್ಲಿ. ಕೈಲ್ ಪೊಳ್ದಿನ ದಿನ ಕೋವಿಗಳನ್ನು ಸಾಲಾಗಿ ಇಟ್ಟು, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುವ ಮನೆಯಿಂದ ಬಂದವನಿಗೆ ಕೋವಿ ಹೊಸದಲ್ಲ. ಆದರೆ ಶಿಕಾರಿ ಹೊಸದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದಕ್ಕೆ ಜಾಗವಿಲ್ಲ, ಇರಲೂಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಇಲ್ಲಿಯ ಸಂಗತಿ ಬೇರೆ. ಈ ದ್ವೀಪಗಳಲ್ಲಿ ಬಾವಲಿಗಳನ್ನು ಬಿಟ್ಟರೆ ನೆಲದ ಮೇಲೆ ಬದುಕುವ ಸ್ವಂತ ಸಸ್ತನಿಗಳೇ ಇರಲಿಲ್ಲ. ಕೆಂಪು ಜಿಂಕೆಯನ್ನು 1851ರಲ್ಲಿ ಇಂಗ್ಲೆಂಡಿನಿಂದ ತಂದು ಬಿಟ್ಟರು. ಹಿಮಾಲಯದ ಥಾರ್ ಆಡುಗಳನ್ನು 1904ರಲ್ಲಿ ಅಓರಕಿ ಮೌಂಟ್ ಕುಕ್ ಬಳಿ ಬಿಟ್ಟರು. ಇವುಗಳನ್ನು ಬೇಟೆಯಾಡುವ ಪ್ರಾಣಿ ಇಲ್ಲಿ ಇಲ್ಲವಾದ್ದರಿಂದ ಹಿಂಡುಗಳು ಬೆಳೆದು ಬೀಚ್ ಎಂಬ ಮರಗಳ ಕಾಡಿನ ಎಳೆ ಗಿಡಗಳನ್ನೂ ಎತ್ತರದ ಹುಲ್ಲುಗಾವಲನ್ನೂ ಬೋಳಿಸುತ್ತವೆ. ಸಾರ್ವಜನಿಕ ಅರಣ್ಯದ ಹೆಚ್ಚಿನ ಭಾಗದಲ್ಲಿ ಬೇಟೆಯಾಡಲು ಸಂರಕ್ಷಣಾ ಇಲಾಖೆ ಶುಲ್ಕವಿಲ್ಲದೆ ಅನುಮತಿ ಕೊಡುತ್ತದೆ. ನಮ್ಮ ಮನೆಯ ಮಾಂಸವೆಲ್ಲ ಹೀಗೆ ಬಂದದ್ದೇ. ಊರಿನಿಂದ ತಂದ ಕಾಚಂಪುಳಿ (ಕೊಡಗಿನ ಗಾಢ ಹುಳಿರಸ) ಬಿದ್ದರೆ ಕೆಂಪು ಜಿಂಕೆಯ ಮಾಂಸಕ್ಕೆ ಎಂಥ ರುಚಿ ಬರುತ್ತದೆಂದು ತಿಂದವರೇ ಬಲ್ಲರು.

ಬೋಲ್ಟ್ ಆ್ಯಕ್ಷನ್ನೇ ಏಕೆ ಎಂಬ ಪ್ರಶ್ನೆ ಇಲ್ಲಿ ಹುಟ್ಟುವುದು ಕಡಿಮೆ. 2019ರ ಮಾರ್ಚ್ 15ರಂದು ನಮ್ಮ ಊರಿನ ಮಸೀದಿಗಳಲ್ಲಿ ನಡೆದ ಹತ್ಯಾಕಾಂಡದ ಬೆನ್ನಿಗೆ ಸರ್ಕಾರ ಅರೆಸ್ವಯಂಚಾಲಿತ ರೈಫಲ್‌ಗಳಲ್ಲಿ ಬಹುಪಾಲನ್ನು ನಿಷೇಧಿಸಿತು. ಅದು ಆಗಬೇಕಾದದ್ದೇ ಆಗಿತ್ತು. ಬೆಟ್ಟದ ಬೇಟೆಗೆ ಒಂದು ಸರಿಯಾದ ಈಡು ಸಾಕು. ಅದಕ್ಕೆ ಕೈಯಿಂದ ಎಳೆದು ತಳ್ಳುವ ಬೋಲ್ಟಿಗಿಂತ ಹಗುರವಾದ, ಸರಳವಾದ, ನಂಬಬಹುದಾದ ವ್ಯವಸ್ಥೆ ನನಗೆ ಗೊತ್ತಿಲ್ಲ.

ಹಗುರವಾಗಿ ಏಕಿರಬೇಕು ಎನ್ನುವುದು ಲೇಕ್ ಸಮ್ನರ್ ಅರಣ್ಯದ ಯಾವುದಾದರೂ ಕಣಿವೆಯಲ್ಲಿ ಒಂದು ದಿನ ನಡೆದರೆ ತಿಳಿಯುತ್ತದೆ. ಅಗಲವಾದ ಜಲ್ಲಿಕಲ್ಲಿನ ನದೀಪಾತ್ರ, ತಣ್ಣನೆಯ ನೀರಿನಲ್ಲಿ ಮತ್ತೆ ಮತ್ತೆ ದಾಟು, ಆಮೇಲೆ ಬೀಚ್ ಮರಗಳ ನಡುವೆ ಕಡಿದಾದ ಏರು, ಮರಗಳ ಗಡಿ ದಾಟಿದ ಮೇಲೆ ಟಸಕ್ ಹುಲ್ಲು ಮತ್ತು ಜಾರುವ ಸಣ್ಣಕಲ್ಲು. ಕೋವಿ ಹೆಚ್ಚು ಹೊತ್ತು ಹೆಗಲ ಮೇಲಿರುತ್ತದೆ, ಗುರಿಯಲ್ಲಿ ಇರುವುದು ಕೆಲವೇ ಕ್ಷಣ. ಇಳಿಯುವಾಗ ಬೆನ್ನ ಮೇಲೆ ಮಾಂಸದ ಹೊರೆಯೂ ಸೇರುತ್ತದೆ.

ಕೊಳ್ಳುವ ಮೊದಲು ಬೇಟೆಗಾರರು ತಂಗುವ ಬೆಟ್ಟದ ಗುಡಿಸಲುಗಳಲ್ಲಿ, ಗುರಿ ಅಭ್ಯಾಸದ ಮೈದಾನದಲ್ಲಿ ಸಿಕ್ಕ ಸಿಕ್ಕವರನ್ನು ಕೇಳಿದೆ. ಅಮೆರಿಕದ ಕಿಂಬರ್ 84ಎಂ ಮೊಂಟಾನಾ ಇದ್ದವರೊಬ್ಬರು ತಮ್ಮದನ್ನು ನನ್ನ ಕೈಗೇ ಕೊಟ್ಟರು. ಸುಮಾರು 2.3 ಕೆಜಿ. ಎತ್ತಿದಾಗ ಕೈ ತಾನಾಗಿ ಮೇಲೆದ್ದಂತಾಯಿತು. ಹಳೆಯ ಮೌಸರ್ ಮಾದರಿಯ ದೊಡ್ಡ ಕೊಕ್ಕೆ ತೋಟಾವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿದೇ ಒಯ್ಯುತ್ತದೆ, ಈಡು ತಾನಾಗಿ ಹಾರದಂತೆ ತಡೆಯುವ ಮೂರು ಹಂತದ ಸೇಫ್ಟಿಯೂ ಇದೆ. ಬಹಳ ಅಂದದ ಕೆಲಸ. ಆದರೆ ನನ್ನ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಮನಸ್ಸಿನಲ್ಲಿ ಉಳಿಯಿತು: ಅವರು ಬದಲಾಯಿಸಿದ್ದು ಕೋವಿಯನ್ನಲ್ಲ, ಗುರಿಯ ದೂರವನ್ನು. ಏರು ಹತ್ತಿ ಏದುಸಿರು ಬಿಡುವಾಗ ಅಷ್ಟು ಹಗುರವಾದ ನಳಿಗೆ ನಿಲ್ಲುವುದಿಲ್ಲ, ಹಾಗಾಗಿ 200 ಮೀಟರ್ ದಾಟಿದರೆ ಅವರು ಟ್ರಿಗರ್ ಮುಟ್ಟುವುದೇ ಇಲ್ಲ. ಜಪಾನಿನಲ್ಲಿ ಮಿರೋಕು ತಯಾರಿಸುವ ಬ್ರೌನಿಂಗ್ ಎಕ್ಸ್-ಬೋಲ್ಟ್ ಬಳಸುವವರು ಅದರ ಬೋಲ್ಟನ್ನು 60 ಡಿಗ್ರಿಯಷ್ಟೇ ಎತ್ತಿದರೆ ಸಾಕೆಂಬುದನ್ನೂ ಸೇಫ್ಟಿಯ ಜೋಡಣೆಯನ್ನೂ ಮೆಚ್ಚಿದರು. ಕಡಿಮೆ ಬೆಲೆಯ ರೂಗರ್ ಅಮೆರಿಕನ್ ಇದ್ದವರು ಗುರಿಯ ಬಗ್ಗೆ ತೃಪ್ತರಾಗಿದ್ದರು, ಬದಲಾಯಿಸಿದ್ದೆಲ್ಲ ಸ್ಟಾಕ್, ಅಂದರೆ ಲೋಹದ ಭಾಗಗಳು ಕೂರುವ, ಭುಜಕ್ಕೆ ಒತ್ತುವ ಹಿಡಿ.

ಟಿಕ್ಕಾ ಇದ್ದವರ ಸಂಖ್ಯೆ ಎಲ್ಲರಿಗಿಂತ ಹೆಚ್ಚಿತ್ತು, ಅವರ ಉತ್ತರಗಳೂ ಒಂದೇ ತೆರನಾಗಿದ್ದವು. ಫಿನ್ಲೆಂಡಿನ ರಿಹಿಮಾಕಿಯಲ್ಲಿ ಟಿಕ್ಕಾ ಕೋವಿಗಳನ್ನು ತಯಾರಿಸುವ ಸಾಕೋ ಕಾರ್ಖಾನೆ ಟಿ3 ಎಂಬ ಮಾದರಿಯನ್ನು 2003ರಲ್ಲಿ ಹೊರತಂದಿತು. ಅದನ್ನು ಕೊಂಡವರು ಏನು ಮಾಡುತ್ತಿದ್ದರು? ಬೋಲ್ಟಿನ ಹಿಂತುದಿಯ ಪ್ಲಾಸ್ಟಿಕ್ ಮುಚ್ಚಳವನ್ನು ತೆಗೆದು ಲೋಹದ್ದು ಹಾಕುತ್ತಿದ್ದರು. ಒದೆತವನ್ನು ತಡೆದು ಸ್ಟಾಕಿಗೆ ದಾಟಿಸುವ ಅಲ್ಯೂಮಿನಿಯಂ ತುಂಡನ್ನು ತೆಗೆದು ಉಕ್ಕಿನದು ಕೂರಿಸುತ್ತಿದ್ದರು. ಟೊಳ್ಳಾದ ಸ್ಟಾಕ್ ಕೊಂಬೆಗೆ ತಾಗಿದರೆ ಡಬ್ಬದಂತೆ ಸದ್ದು ಮಾಡುತ್ತದೆಂದು ಒಳಗೆ ಫೋಮ್ ತುಂಬುತ್ತಿದ್ದರು. 2016ರಲ್ಲಿ ಟಿ3ಎಕ್ಸ್ ಬಂದಾಗ ಕಾರ್ಖಾನೆ ಮಾಡಿದ್ದು ಅದನ್ನೇ: ಲೋಹದ ಮುಚ್ಚಳ, ಉಕ್ಕಿನ ತುಂಡು, ಸ್ಟಾಕಿನೊಳಗೆ ಫೋಮ್, ಹೆಚ್ಚು ಮೆತ್ತನೆಯ ಹಿಂಬದಿ ರಬ್ಬರ್, ಒಂದೊಂದೇ ತೋಟಾ ಹಾಕಲು ಅನುಕೂಲವಾಗುವಂತೆ ಅಗಲವಾದ ಕಿಂಡಿ. ಬಳಸುವವರ ದೂರುಗಳಿಗೆ ಇಷ್ಟು ನೇರವಾಗಿ ಉತ್ತರ ಕೊಟ್ಟ ಇನ್ನೊಂದು ಕೋವಿಯನ್ನು ನಾನು ನೋಡಿಲ್ಲ. ನನ್ನ ನಿರ್ಧಾರ ಅಲ್ಲಿಗೆ ಮುಗಿಯಿತು. ಸ್ಟೇನ್‌ಲೆಸ್ ಲೈಟ್ ಮಾದರಿಯನ್ನು 7ಎಂಎಂ-08 ತೋಟಾಕ್ಕೆ ಕೊಂಡೆ.

ತೋಟಾದ ಆಯ್ಕೆಯೂ ತೂಕದ ಲೆಕ್ಕವೇ. ಕೋವಿಯ ತೂಕ 4 ಕೆಜಿಯಿಂದ 3ಕ್ಕೆ ಇಳಿದರೆ ಅದೇ ತೋಟಾದ ಒದೆತದ ಶಕ್ತಿ ಮೂರನೇ ಒಂದರಷ್ಟು ಏರುತ್ತದೆ. ಭೌತಶಾಸ್ತ್ರದ ಈ ನಿಯಮದಿಂದ ಯಾವ ಕಂಪನಿಗೂ ಪಾರಿಲ್ಲ. ಅದಕ್ಕೇ ಹಗುರ ಕೋವಿಗೆ ಮ್ಯಾಗ್ನಮ್ ಎಂಬ ಹೆಚ್ಚು ಶಕ್ತಿಯ ತೋಟಾ ಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೆಲವು ಈಡು ಹೊಡೆಯುವಷ್ಟರಲ್ಲಿ ಭುಜ ಹೆದರುತ್ತದೆ, ಕಣ್ಣು ಮುಚ್ಚುತ್ತದೆ, ಗಾಯಗೊಂಡ ಪ್ರಾಣಿ ಕಣಿವೆಗೆ ಇಳಿಯುತ್ತದೆ. 1952ರ .308 ವಿಂಚೆಸ್ಟರ್ ತೋಟಾದ ಕತ್ತನ್ನು ಕಿರಿದಾಗಿಸಿ ಮಾಡಿದ್ದೇ 7ಎಂಎಂ-08. ರೆಮಿಂಗ್ಟನ್ ಅದನ್ನು 1980ರಲ್ಲಿ ಮಾರುಕಟ್ಟೆಗೆ ತಂದಿತು. ಒದೆತ .308ಕ್ಕಿಂತ ಕಡಿಮೆ, ಜಿಂಕೆಗೂ ಥಾರ್‌ಗೂ ಧಾರಾಳ ಸಾಕು. 2007ರಲ್ಲಿ ಬಂದ 6.5 ಕ್ರೀಡ್‌ಮೋರ್ ಇನ್ನೂ ಮೃದು. ಹೊಸಬರು ಅದನ್ನು ಆರಿಸಿದರೆ ನಾನು ಖಂಡಿತ ಬೇಡ ಎನ್ನುವುದಿಲ್ಲ. ಚಿಕ್ಕ ಊರಿನ ಅಂಗಡಿಯಲ್ಲೂ ತೋಟಾ ಸಿಗಬೇಕು ಎನ್ನುವವರು .308ಕ್ಕೇ ಅಂಟಿಕೊಳ್ಳಲಿ. 200 ಮೀಟರಿಗೆ ಗುರಿ ಕೂರಿಸಿದರೆ ನನ್ನ ಗುಂಡು 300ರಲ್ಲಿ ಒಂದು ಗೇಣಿನಷ್ಟು ಇಳಿಯುತ್ತದೆ. ಅದಕ್ಕಿಂತ ದೂರದ ಪ್ರಾಣಿಗೆ ನಾನು ಹತ್ತಿರ ಹೋಗುತ್ತೇನೆ.

ಈಗ ತೂಕದ ನಿಜವಾದ ಲೆಕ್ಕ. ಕೈಪಿಡಿಯಲ್ಲಿ ಬರೆದ ಸುಮಾರು 2.9 ಕೆಜಿ ಬರಿಮೈಯ ಕೋವಿಯದು. ಸ್ಕೋಪ್ (ಗುರಿ ಹಿಡಿಯುವ ದುರ್ಬೀನು) ಮತ್ತು ಅದನ್ನು ಕೋವಿಗೆ ಹಿಡಿದಿಡುವ ರಿಂಗ್‌ಗಳು ಸೇರಿದರೆ ಹತ್ತಿರ ಅರ್ಧ ಕೆಜಿ. ನಳಿಗೆಯ ತುದಿಗೆ ಸಿಕ್ಕಿಸುವ, ಸದ್ದು ತಗ್ಗಿಸುವ ಸಪ್ರೆಸರ್ 300ರಿಂದ 400 ಗ್ರಾಂ. ಪಟ್ಟಿ, ತೋಟಾಗಳು. ನೋಡುವಷ್ಟರಲ್ಲಿ 4 ಕೆಜಿಯ ಸಮೀಪ ಬಂದು ನಿಲ್ಲುತ್ತದೆ. ಅಂಗಡಿಯಲ್ಲಿ 600 ಗ್ರಾಂ ಕಡಿಮೆ ಇರುವ ಕೋವಿಗೆ ಎರಡರಷ್ಟು ಬೆಲೆ ಕೊಟ್ಟು, ಅದರ ಮೇಲೆ ಭಾರವಾದ ದೊಡ್ಡ ಸ್ಕೋಪ್ ಕೂರಿಸುವವರು ಆ ಹಣವನ್ನು ನೀರಿಗೆ ಹಾಕಿದಂತೆ. 10 ಪಟ್ಟಿಗಿಂತ ಹೆಚ್ಚು ಹಿಗ್ಗಿಸುವ ಸ್ಕೋಪ್ ನಮ್ಮ ಕಣಿವೆಗಳಿಗೆ ಬೇಕಿಲ್ಲ.

ನ್ಯೂಜಿಲೆಂಡಿನಲ್ಲಿ ಸಪ್ರೆಸರ್ ಕಾನೂನುಬದ್ಧ, ಬೆಟ್ಟಕ್ಕೆ ಹೋಗುವ ಬಹುತೇಕರ ನಳಿಗೆಯ ತುದಿಯಲ್ಲಿ ಅದನ್ನು ಕಾಣಬಹುದು. ಕಿವಿ ಉಳಿಯುತ್ತದೆ, ಒದೆತವೂ ತಗ್ಗುತ್ತದೆ. ಆದರೆ 57 ಸೆಂ.ಮೀ. ನಳಿಗೆಗೆ ಅದನ್ನು ಸಿಕ್ಕಿಸಿದರೆ ಕೋವಿ ಪೊದೆಗಳ ನಡುವೆ ದೋಟಿಯಂತೆ ತಾಗುತ್ತಾ ಹೋಗುತ್ತದೆ. ಹಾಗಾಗಿ ಎಲ್ಲರಂತೆ ನಾನೂ ನಳಿಗೆಯನ್ನು ಹತ್ತು ಸೆಂಟಿಮೀಟರಿನಷ್ಟು ಕತ್ತರಿಸಿ ತುದಿಗೆ ಹೊಸದಾಗಿ ತಿರುಪಿನ ಎಳೆ ಹಾಕಿಸಿದೆ. ಗುಂಡಿನ ವೇಗ ಸ್ವಲ್ಪ ಇಳಿದದ್ದು ನಿಜ, ಬೇಟೆಯಲ್ಲಿ ಅದರ ವ್ಯತ್ಯಾಸ ಕಾಣಲಿಲ್ಲ. ಈ ಕೆಲಸವನ್ನು ಅಳತೆಯಲ್ಲಿ ನಿಷ್ಠೆಯಿರುವ ಗನ್‌ಸ್ಮಿತ್ ಕೈಯಲ್ಲೇ ಮಾಡಿಸಬೇಕು. ಎಳೆ ಕೂದಲಿನಷ್ಟು ಓರೆಯಾದರೂ ಗುಂಡು ಸಪ್ರೆಸರ್ ಒಳಗೆ ತಾಗುತ್ತದೆ. ದಿನದ ಕೊನೆಯಲ್ಲಿ ಸಪ್ರೆಸರ್ ಬಿಚ್ಚಲೇಬೇಕು. ಒಂದು ರಾತ್ರಿ ಹಾಗೇ ಬಿಟ್ಟರೆ ಒಳಗಿನ ಮಸಿ ಮತ್ತು ತೇವ ಸೇರಿ ಎಳೆಯ ಸುತ್ತ ಕಾಫಿ ಬಣ್ಣದ ಒಂದು ಉಂಗುರ ಮೂಡಿರುತ್ತದೆ. ಸ್ಟೇನ್‌ಲೆಸ್ ಎಂದರೆ ತುಕ್ಕೇ ಹಿಡಿಯದ ಉಕ್ಕಲ್ಲ, ನಿಧಾನವಾಗಿ ಹಿಡಿಯುವ ಉಕ್ಕು. ಪಶ್ಚಿಮ ಕರಾವಳಿಯ ಮಳೆಯಲ್ಲಿ ನೆನೆದು ಬಂದ ಮೇಲೆ ಸ್ಟಾಕಿನಿಂದ ಬೇರ್ಪಡಿಸಿ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ ಇಡುತ್ತೇನೆ.

ಕೆಲವು ವರ್ಷ ಕಳೆದರೂ ನನಗೆ ಅತ್ಯಂತ ಪ್ರೀತಿ ಇರುವುದು ಬೋಲ್ಟಿನ ಮೇಲೆ. 70 ಡಿಗ್ರಿ ಎತ್ತಿದರೆ ಸಾಕು, ಹಿಂದಕ್ಕೆ ಬೆರಳ ತುದಿಯಿಂದ ಎಳೆಯಬಹುದು. ಕೈಗವಸು ಹಾಕಿ, ಆಲಿಕಲ್ಲು ಬೀಳುವಾಗ, ಓರೆಯಾಗಿ ಮಲಗಿ ಎಳೆದಾಗಲೂ ಎಲ್ಲೂ ಕಚ್ಚಿಕೊಂಡಿಲ್ಲ. ಟ್ರಿಗರ್ ಒಂದರಿಂದ ಎರಡು ಕೆಜಿಯವರೆಗೆ ಹೊಂದಿಸಬಹುದು. ಚಳಿಗೆ ಬೆರಳು ಮರಗಟ್ಟುವ ನಾಡಿನಲ್ಲಿ ತೀರಾ ಸಡಿಲ ಮಾಡುವುದು ಅಪಾಯ, ನನ್ನದು ನಡುವಿನಲ್ಲಿದೆ. ಗುರಿಯ ವಿಷಯದಲ್ಲಿ ಕಾರ್ಖಾನೆ 100 ಗಜದಲ್ಲಿ ಮೂರು ಈಡು ಸುಮಾರು ಒಂದು ಅಂಗುಲದೊಳಗೆ ಬೀಳುತ್ತವೆ ಎನ್ನುತ್ತದೆ, ನನ್ನ ಕೋವಿ ಆ ಮಾತು ಉಳಿಸಿದೆ. ಆದರೆ ತೆಳುವಾದ ನಳಿಗೆ ಬೇಗ ಕಾಯುತ್ತದೆ. ಮೈದಾನದಲ್ಲಿ ಒಂದರ ಹಿಂದೆ ಒಂದು ಹೊಡೆಯುತ್ತಾ ಹೋದರೆ ಗುಂಡುಗಳು ಚದುರುತ್ತವೆ, ಜನ ಸ್ಕೋಪನ್ನು ಬೈಯುತ್ತಾರೆ. ಪ್ರತಿ ಈಡಿನ ನಡುವೆ ನಳಿಗೆ ಕೈಗೆ ತಣ್ಣಗಾಗುವವರೆಗೆ ಕಾಯಿರಿ. ಬೇಟೆಯಲ್ಲಿ ಮುಖ್ಯವಾದದ್ದು ತಣ್ಣನೆಯ ನಳಿಗೆಯ ಮೊದಲ ಈಡು, ಅದು ಎಲ್ಲಿ ಬೀಳುತ್ತದೆಂಬುದೊಂದೇ.

ಇಷ್ಟವಾಗದ ಸಂಗತಿಗಳೂ ಇವೆ, ಕೊಳ್ಳುವವರು ತಿಳಿದಿರಬೇಕು. ಮ್ಯಾಗಜಿನ್ ಪ್ಲಾಸ್ಟಿಕ್, ಮೂರೇ ತೋಟಾ ಹಿಡಿಯುತ್ತದೆ, ಕಳೆದರೆ ಕೋವಿ ಒಂಟಿ ಈಡಿನದಾಗುತ್ತದೆ. ನಾನು ಒಂದನ್ನು ಹೆಚ್ಚಿಗೆ ಕೊಂಡು ದಾರದಿಂದ ಚೀಲಕ್ಕೆ ಕಟ್ಟಿರುತ್ತೇನೆ. ಎಲ್ಲ ತೋಟಾಗಳಿಗೂ ಒಂದೇ ಉದ್ದದ ಆ್ಯಕ್ಷನ್ (ಬೋಲ್ಟ್ ಓಡಾಡುವ ಭಾಗ) ಆದ್ದರಿಂದ ಚಿಕ್ಕ ತೋಟಾ ಕೊಂಡವರಿಗೂ ಉದ್ದ ಉಳಿಯುವುದಿಲ್ಲ. ಸೇಫ್ಟಿ ಎರಡೇ ಹಂತದ್ದು. ಅದನ್ನು ಹಾಕಿದಾಗ ಬೋಲ್ಟೂ ಬೀಗಗೊಳ್ಳುತ್ತದೆ, ಅಂದರೆ ತೋಟಾ ಹೊರತೆಗೆಯಲು ಸೇಫ್ಟಿ ತೆಗೆಯಲೇಬೇಕು. ಎಕ್ಸ್-ಬೋಲ್ಟಿನಲ್ಲಿ ಇದಕ್ಕೆಂದೇ ಒಂದು ಗುಂಡಿ ಇದೆ, ಟಿಕ್ಕಾದಲ್ಲೂ ಇರಬೇಕಿತ್ತು ಎಂದು ನನ್ನ ಬಲವಾದ ಅಭಿಪ್ರಾಯ. ಇಲ್ಲಿ ನಾವು ನಳಿಗೆಯ ಕೋಣೆ ಖಾಲಿ ಇಟ್ಟೇ ನಡೆಯುತ್ತೇವೆ, ಪ್ರಾಣಿ ಕಂಡು, ಅದು ಜಿಂಕೆಯೇ ಎಂದು ಎಳ್ಳಷ್ಟೂ ಸಂಶಯವಿಲ್ಲದೆ ಗುರುತಿಸಿದ ಮೇಲಷ್ಟೇ ತೋಟಾ ಒಳಗೆ ಹೋಗುತ್ತದೆ. ಬೆದೆಗಾಲದಲ್ಲಿ, ಅಂದರೆ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ, ಕಾಡೆಲ್ಲ ಬೇಟೆಗಾರರೇ ತುಂಬಿರುತ್ತಾರೆ. ಆಗ ಈ ಶಿಸ್ತು ಯಾವ ಸೇಫ್ಟಿಗಿಂತಲೂ ದೊಡ್ಡದು.

ಸ್ಕೋಪಿನ ರಿಂಗ್‌ಗಳಲ್ಲಿ ಜಿಪುಣತನ ಬೇಡ. ಹಗುರ ಕೋವಿಯ ಒದೆತ ಚುರುಕು, ಅಗ್ಗದ ರಿಂಗ್‌ಗಳಲ್ಲಿ ಸ್ಕೋಪ್ ಕೂದಲೆಳೆಯಷ್ಟು ಮುಂದೆ ಸರಿಯುತ್ತಾ ಹೋಗುತ್ತದೆ. ರಿಂಗಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಿಟ್ಟರೆ ಸರಿದದ್ದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ಮಾತು: ಗುಡಿಸಲಿನ ಹೊರಗೆ ಕೋವಿಯನ್ನು ಒರಗಿಸಿಡಬೇಡಿ. ಕಾನೂನಿನ ಮಾತು ಹಾಗಿರಲಿ, ಕೀಯಾ ಗಿಳಿಗಳಿಗೆ ರಬ್ಬರ್ ಎಂದರೆ ಪ್ರಾಣ, ಸ್ಕೋಪಿನ ಮುಚ್ಚಳವನ್ನು ಕಿತ್ತು ತಿನ್ನುತ್ತವೆ.

ಹಳೆಯ ಕೋವಿ ಕೊಳ್ಳುವವರಿಗೆ ಟಿಕ್ಕಾ ಒಳ್ಳೆಯ ಆಯ್ಕೆ, ಏಕೆಂದರೆ ಬಿಡಿಭಾಗಗಳು ಎಲ್ಲೆಡೆ ಸಿಗುತ್ತವೆ. ನಳಿಗೆಯ ಬಾಯಿಯ ಅಂಚಿನಲ್ಲಿ ಕಚ್ಚು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಸಪ್ರೆಸರಿಗಾಗಿ ಕತ್ತರಿಸಿದ್ದರೆ ಆ ಕೆಲಸ ಯಾರು ಮಾಡಿದ್ದೆಂದು ಕೇಳಿ. ಮ್ಯಾಗಜಿನ್ ತುಟಿಗಳು ಸವೆದಿರಬಾರದು. ಟಿ3ಯೋ ಟಿ3ಎಕ್ಸೋ ಎಂದು ಖಚಿತಪಡಿಸಿಕೊಳ್ಳಿ, ಟಿ3 ಆದರೆ ಸ್ಟಾಕ್ ಬಿಚ್ಚಿಸಿ ಒಳಗಿನ ತುಂಡು ಅಲ್ಯೂಮಿನಿಯಮ್ಮೋ ಉಕ್ಕೋ ನೋಡಿ. ಮಾರುವವರ ಲೈಸೆನ್ಸ್ ನೋಡಿ, ನಿಮ್ಮದನ್ನು ತೋರಿಸಿ, 2023ರ ಜೂನಿನಲ್ಲಿ ಆರಂಭವಾದ ನೋಂದಣಿಯಲ್ಲಿ ಕೋವಿಯನ್ನು ನಿಮ್ಮ ಹೆಸರಿಗೆ ದಾಖಲಿಸಿಯೇ ಮನೆಗೆ ತನ್ನಿ.