ಸೋರುತಿಹುದು ಮನೆಯ ಮಾಳಿಗಿ: ಒಂದೇ ಪದ, ಮೂರು ಧಾಟಿ

ಶಿಶುನಾಳ ಶರೀಫರ ಈ ಪದವನ್ನು ನೀವೂ ಯಾವುದೋ ಒಂದು ಧಾಟಿಯಲ್ಲಿ ಮೊದಲು ಕೇಳಿರುತ್ತೀರಿ. ಮನಸ್ಸಿನಲ್ಲಿ ಅದೇ ಮೂಲ ಅಂತ ಕೂತುಬಿಟ್ಟಿರುತ್ತದೆ. ನನಗೆ ಆ ಜಾಗದಲ್ಲಿ ಇದ್ದದ್ದು ಸಿ. ಅಶ್ವತ್ಥ್ ಅವರ ದನಿ. ಭಜನೆಯವರ ಧಾಟಿ ಕಿವಿಗೆ ಬಿದ್ದದ್ದು ಆಮೇಲೆ. ರಘು ದೀಕ್ಷಿತ್ ಅವರ ತಂಡದ ಹಾಡು ಇನ್ನೂ ಆಮೇಲೆ. ಹೋದ ಮಳೆಗಾಲದಲ್ಲಿ ನಾವು ಆರು ಜನ ವಾರಕ್ಕೊಂದು ಸಂಜೆ ಸೇರಿ, ಮೂರೂ ರೀತಿಯಲ್ಲಿ ಹಾಡಿ ನೋಡಿದೆವು. ಕೇಳುವಾಗ ಗೊತ್ತಾಗದ ಎಷ್ಟೋ ಸಂಗತಿ ಹಾಡುವಾಗ ಗೊತ್ತಾಯಿತು.

ಮೊದಲು ಪದದ ಮಾತು. ಶರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ. ತೀರಿಕೊಂಡದ್ದು 1889ರಲ್ಲಿ. ಗುರು ಗೋವಿಂದ ಭಟ್ಟರು. ಶರೀಫರ ಕಾಲದ ಧ್ವನಿಮುದ್ರಣ ಯಾವುದೂ ಇಲ್ಲ. ಪದಗಳು ಬಾಯಿಂದ ಬಾಯಿಗೆ ಬಂದವು. ಹಾಗಾಗಿ ಒಬ್ಬರು ಮಾಳಿಗಿ ಎಂದರೆ ಇನ್ನೊಬ್ಬರು ಮಾಳಿಗೆ ಎನ್ನುತ್ತಾರೆ. ನನಗೆ ಮಾಳಿಗಿಯೇ ಬೇಕು. ಅದು ಆ ನೆಲದ ಮಾತು.

ಇದು ಯಾವ ಮನೆ ಅಂತ ಗೊತ್ತಿದ್ದರೆ ಪದ ಬೇರೆಯೇ ಕೇಳಿಸುತ್ತದೆ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆ ಇದು. ದಪ್ಪ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಸಣ್ಣ ಕಟ್ಟಿಗೆ, ಎಲ್ಲಕ್ಕಿಂತ ಮೇಲೆ ಮಣ್ಣು. ನನ್ನ ಅಜ್ಜಿಯ ಮನೆ ಅಂಥದ್ದೇ. ಮಳೆ ಶುರುವಾದರೆ ಅಜ್ಜಿ ಮಾವನನ್ನು ಕೂಗುತ್ತಿದ್ದಳು: “ಮಳಿ ಬರಾಕತ್ತೈತಿ, ಮ್ಯಾಲ ಹತ್ತಿ ಮೆಟ್ಟಿ ಬಾ ಯಪ್ಪಾ.” ಮೇಲೆ ಹತ್ತಿ, ಬಿರುಕು ಬಿಟ್ಟ ಕಡೆ ಮಣ್ಣು ಹಾಕಿ, ಕಾಲಿನಿಂದ ತುಳಿದು ಗಟ್ಟಿ ಮಾಡಬೇಕು. ಶರೀಫರ ‘ಮೇಲಕೇರಿ ಮೆಟ್ಟಲಾರೆ’ ಎಂಬ ಮಾತು ನನಗೆ ಅರ್ಥವಾದದ್ದು ಅಜ್ಜಿಯ ಈ ಕೂಗಿನಿಂದ. ಬರೀ ಹತ್ತಲಾರೆ ಅಂತಲ್ಲ. ಸೋರುವುದನ್ನು ನಿಲ್ಲಿಸುವ ಕೆಲಸ ಯಾವುದು ಅಂತ ಗೊತ್ತಿದೆ, ಕಾಳಕತ್ತಲೆಯಲ್ಲಿ ಅದು ಕೈಲಾಗುತ್ತಿಲ್ಲ. ಮುರುಕು ತೊಲೆ, ಹುಳುಕು ಜಂತಿ, ಮೇಲೆ ಬೆಳೆದ ಕರಕಿ ಹುಲ್ಲು, ಮುತ್ತಿದ ಇರುವೆ, ಒಂದೊಂದೂ ಕಣ್ಣಾರೆ ಕಂಡದ್ದೇ. ಆ ಮನೆ ನಮ್ಮ ದೇಹ, ನಮ್ಮ ಬದುಕು ಎಂಬ ಒಳಗಿನ ಅರ್ಥ ಆಮೇಲೆ ತಾನಾಗಿ ಬರುತ್ತದೆ. ಅದಕ್ಕೇ ಯಾವ ಧಾಟಿ ಹಾಡಿದರೂ ನಾನು ನೋಡಿದ್ದು ಒಂದನ್ನೇ. ಹಾಡುವಾಗ ಆ ಮನೆ ಕಾಣುತ್ತದೆಯೋ ಇಲ್ಲವೋ?

ಭಜನೆಯ ಧಾಟಿಯಿಂದ ಶುರು ಮಾಡಿದೆವು. ಏಕತಾರಿ, ದಮ್ಮಡಿ, ಒಂದು ಜೋಡಿ ತಾಳ, ಅಷ್ಟೇ. ಒಬ್ಬರು ಸಾಲು ಹೇಳುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ಮೊದಲ ಸಂಜೆ ನನಗೆ ಸಪ್ಪೆ ಅನ್ನಿಸಿತು. ರಾಗದಲ್ಲಿ ಏರಿಳಿತ ಕಡಿಮೆ, ಅದೇ ಸಾಲು ಮತ್ತೆ ಮತ್ತೆ. ಮೂರನೇ ವಾರದ ಹೊತ್ತಿಗೆ ಆ ಮರುಕಳಿಕೆಯೇ ಹಿಡಿಸಿತು. ಸೋರುವ ಹನಿಯೂ ಹಾಗೇ ಅಲ್ವಾ, ಒಂದೇ ಜಾಗದಲ್ಲಿ, ಒಂದೇ ಲೆಕ್ಕದಲ್ಲಿ ಬೀಳುತ್ತದೆ. ಇನ್ನೊಂದು ಲಾಭವೂ ಇದೆ. ಸುಮ್ನೆ ಕೂತು ಕೇಳುತ್ತಿದ್ದವರು ಎರಡನೇ ನುಡಿಯ ಹೊತ್ತಿಗೆ ದನಿಗೂಡಿಸುತ್ತಾರೆ. ಹಾಡಲು ಬರುವುದಿಲ್ಲ ಎಂದು ದೂರ ಕೂರುತ್ತಿದ್ದ ನಮ್ಮ ಗೆಳೆಯನೊಬ್ಬ ಪೂರ್ತಿ ಪದ ಕಲಿತದ್ದು ಈ ಧಾಟಿಯಲ್ಲೇ. ಕೊರತೆ ಅಂದರೆ, ತಾಳದ ಸದ್ದು ಜಾಸ್ತಿಯಾದರೆ ‘ಹುಳುಕು ಜಂತಿ’ಯಂಥ ಸಣ್ಣ ಮಾತು ಮುಳುಗಿಹೋಗುತ್ತದೆ.

ಅಶ್ವತ್ಥ್ ಧಾಟಿಯ ಕಷ್ಟವೇ ಬೇರೆ. ಶರೀಫರನ್ನು ಹಳ್ಳಿಯ ಭಜನೆಯಿಂದ ನಾಡಿನ ಎಲ್ಲ ಮನೆಗಳಿಗೆ ತಂದವರಲ್ಲಿ ಅಶ್ವತ್ಥ್ ದೊಡ್ಡವರು. ಶಿವಮೊಗ್ಗ ಸುಬ್ಬಣ್ಣ ಅವರ ಹೆಸರನ್ನೂ ಜೊತೆಗೇ ಹೇಳಬೇಕು. 1990ರಲ್ಲಿ ಟಿ.ಎಸ್. ನಾಗಾಭರಣ ‘ಸಂತ ಶಿಶುನಾಳ ಶರೀಫ’ ಸಿನಿಮಾ ಮಾಡಿದಾಗ ಸಂಗೀತ ಅಶ್ವತ್ಥ್ ಅವರದೇ. ಇಲ್ಲಿ ಪದ ಒಬ್ಬ ಮನುಷ್ಯನ ಅಳಲಾಗುತ್ತದೆ. ‘ಅಜ್ಞಾನದಿಂದ’ ಎಂಬ ಮಾತಿಗೆ ಅವರ ದನಿ ತುಂಬಿ ಬಂದಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ. ಹಾರ್ಮೋನಿಯಂ ಇಟ್ಟುಕೊಂಡು ನಾವು ಹಾಡಲು ಹೋದರೆ ಮೇಲಿನ ಸ್ವರಕ್ಕೆ ಆರರಲ್ಲಿ ಇಬ್ಬರಿಗೆ ಮಾತ್ರ ದನಿ ತಲುಪಿತು. ಶ್ರುತಿ ಇಳಿಸಿದರೆ ಎಲ್ಲರೂ ಹಾಡಬಹುದು, ಆದರೆ ಆ ಕೂಗು ಹೋಗಿಬಿಡುತ್ತದೆ. ಮತ್ತೆ, ಅವರ ದನಿ ಎಷ್ಟು ಗಟ್ಟಿಯಾಗಿ ಮನಸ್ಸಿನಲ್ಲಿದೆ ಎಂದರೆ ಎಲ್ಲರೂ ಅವರಂತೆಯೇ ಹಾಡಲು ನೋಡುತ್ತೇವೆ. ನಮ್ಮ ದನಿ ಸಿಗಲು ಬಹಳ ವಾರ ಹಿಡಿಯಿತು. ಮಾತು ಮಾತ್ರ ಮೂರರಲ್ಲಿ ಅತಿ ಸ್ಪಷ್ಟವಾಗಿ ಕೇಳುವುದು ಇದರಲ್ಲೇ. ಅರ್ಥ ತಿಳಿದು ಹಾಡಬೇಕು ಎನ್ನುವವರು ಮೊದಲು ಇದನ್ನೇ ಕೇಳಲಿ.

ರಘು ದೀಕ್ಷಿತ್ ಅವರ ತಂಡದ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಈ ಪದವೂ ‘ಗುಡುಗುಡಿಯ ಸೇದಿ ನೋಡೋ’ ಪದವೂ ಅದರಲ್ಲಿವೆ. ಗಿಟಾರ್, ಪಿಟೀಲು, ಡ್ರಮ್ಸ್ ಜೊತೆ ಶರೀಫರು ಎಂದರೆ ಹಿರಿಯರು ಕೆಲವರು ಮುಖ ಗಂಟಿಕ್ಕಿದ್ದನ್ನು ನಾನೇ ನೋಡಿದ್ದೇನೆ. ನನಗೆ ಹಾಗನ್ನಿಸಲಿಲ್ಲ. ಕನ್ನಡ ಪದವೆಂದರೆ ದೂರ ಓಡುತ್ತಿದ್ದ ನನ್ನ ಅಕ್ಕನ ಮಗಳು ಇದನ್ನು ಕೇಳಿಯೇ “ಜಂತಿ ಅಂದ್ರೆ ಏನು ಮಾಮಾ?” ಎಂದು ಕೇಳಿದಳು. ಆ ಒಂದು ಪ್ರಶ್ನೆ ನನಗೆ ಸಾಕು. ಆದರೆ ಮನೆಯಲ್ಲಿ ಕೂತು ಹಾಡಲು ಇದು ಹೊಂದಲಿಲ್ಲ. ವಾದ್ಯಗಳಿಗೆ ಬಿಟ್ಟ ಜಾಗ ಗಿಟಾರ್ ಒಂದರಿಂದ ತುಂಬುವುದಿಲ್ಲ. ನಾವು ಲೆಕ್ಕ ಎಣಿಸುತ್ತಾ ಕೂತೆವು, ಮನೆ ಕಣ್ಣಿಂದ ಮರೆಯಾಯಿತು. ಇದು ತಂಡಕ್ಕೆ, ವೇದಿಕೆಗೆ, ನಿಂತು ಕುಣಿಯುವ ಮೈದಾನಕ್ಕೆ ಹೇಳಿ ಮಾಡಿಸಿದ್ದು.

ಮೂರನ್ನೂ ಬೇರೆ ಮಾಡಿ ತೋರಿಸುವ ಜಾಗ ಕೊನೆಯ ನುಡಿ. ಅಲ್ಲಿಯವರೆಗೆ ಮನೆಯ ಕತೆ ಹೇಳಿದವನು ಅಲ್ಲಿ ಹೆಂಡತಿಯ ಕಡೆ ತಿರುಗುತ್ತಾನೆ. ‘ಕಾಂತೆ ಕೇಳೆ ಕರುಣದಿಂದ, ಬಂತು ಕಾಣೆ ಹುಬ್ಬಿ ಮಳೆಯು.’ ಹುಬ್ಬಿ ಮಳೆ ಬರುವುದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಆ ಹೊತ್ತಿಗೆ ಮಾಳಿಗೆಯ ಮಣ್ಣು ಮೂರು ತಿಂಗಳು ನೆನೆದಿರುತ್ತದೆ. ಇಷ್ಟು ಹತ್ತಿರದ ಮಾತನ್ನು ಆರು ಜನ ಒಟ್ಟಿಗೆ ಗಟ್ಟಿಯಾಗಿ ಹೇಳಿದರೆ ಅದು ಗಂಡ ಹೆಂಡತಿಗೆ ಹೇಳಿದಂತೆ ಇರುವುದಿಲ್ಲ. ಭಜನೆಯಲ್ಲಿ ನಮಗೆ ಅಳ್ಳಕವಾದದ್ದು ಇಲ್ಲೇ. ಅಶ್ವತ್ಥ್ ಧಾಟಿ ಗೆದ್ದದ್ದೂ ಇಲ್ಲೇ.

ಆದ್ದರಿಂದ ನಾವೀಗ ಹಾಡುವುದು ಹೀಗೆ. ಭಜನೆಯ ಧಾಟಿಯಲ್ಲಿ ಎಲ್ಲರೂ ಶುರು ಮಾಡುತ್ತೇವೆ. ‘ಕಾಂತೆ ಕೇಳೆ’ ಬಂದಾಗ ದಮ್ಮಡಿ, ತಾಳ ಎರಡೂ ನಿಲ್ಲುತ್ತವೆ. ಏಕತಾರಿ ಒಂದೇ ಮಿಡಿಯುತ್ತದೆ. ಆ ನುಡಿಯನ್ನು ಒಬ್ಬರೇ ಹಾಡುತ್ತಾರೆ, ಪ್ರತಿ ವಾರ ಬೇರೆಯವರು. ಶರೀಫರ ಅಂಕಿತವಾದ ಶಿಶುನಾಳಾಧೀಶನ ಹೆಸರು ಬಂದ ಮೇಲೆ ಉಳಿದ ಐವರು ಮೆಲ್ಲಗೆ ಮೊದಲ ಸಾಲನ್ನು ಎತ್ತಿಕೊಳ್ಳುತ್ತೇವೆ.