ಮುಳುಗುವ ಕಾರು ಕಂಪನಿ: ಜಾಮೀನೋ, ಷೇರೋ, ಸರ್ಕಾರಿ ಒಡೆತನವೋ?

ಮುಳುಗುವ ಕಾರು ಕಂಪನಿಯನ್ನು ಸರ್ಕಾರ ಹೇಗೆ ಉಳಿಸಬೇಕು ಎಂಬ ಮಂಗಳೂರಿನ ಕಾಲೇಜು ಚರ್ಚಾಸ್ಪರ್ಧೆಗೆ ಯಾವ ಪಕ್ಷ ಹಿಡಿಯಲಿ ಎಂದು ಕೇಳಿದ್ದೀರಿ: ಸಾಲಕ್ಕೆ ಜಾಮೀನು ನಿಲ್ಲುವುದೋ, ಷೇರು ಕೊಳ್ಳುವುದೋ, ಪೂರ್ತಿ ವಹಿಸಿಕೊಳ್ಳುವುದೋ? ಮೂರು ದಾರಿಗೂ ನಿಜವಾದ ಉದಾಹರಣೆ ಇದೆ.

ಮೊದಲು ಖರ್ಚು. ಅಮೆರಿಕದ ಕಾರು ಕಂಪನಿ ಕ್ರೈಸ್ಲರ್ ಕುಸಿದಾಗ ಅಲ್ಲಿನ ಸರ್ಕಾರ ದುಡ್ಡು ಸುರಿಯಲಿಲ್ಲ, 150 ಕೋಟಿ ಡಾಲರ್‌ವರೆಗಿನ ಸಾಲಕ್ಕೆ ಜಾಮೀನು ನಿಂತಿತು. 1983ರಲ್ಲೇ, ಅವಧಿಗೆ ಮುಂಚೆ, ಸಾಲ ತೀರಿತು. ಸರ್ಕಾರಕ್ಕೆ ಲಾಭವೂ ಬಂತು. ಅಲ್ಲಿನದೇ ಜಿಎಂ (ಜನರಲ್ ಮೋಟರ್ಸ್) ಕಥೆ ಬೇರೆ. 2009ರ ಜೂನ್‌ನಲ್ಲಿ ದಿವಾಳಿ ಅರ್ಜಿ, ಸರ್ಕಾರದ ಕೈಗೆ ಸುಮಾರು 60% ಷೇರು. 2013ರಲ್ಲಿ ಕೊನೆಯ ಷೇರು ಮಾರಿದಾಗ ಸಾವಿರ ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿಯಲ್ಲಿ ಸಣ್ಣ ಘಟಕ ನಡೆಸುವವರನ್ನು ಕೇಳಿ ನೋಡಿ. ದೊಡ್ಡ ಗಿರಾಕಿಯ ಬಿಲ್ ತಡವಾದರೆ ಶನಿವಾರದ ಬಟವಾಡೆಯೇ ನಿಲ್ಲುತ್ತದೆ, ಅಲ್ವಾ? 2008ರಲ್ಲಿ ಫೋರ್ಡ್ ತನ್ನ ಎದುರಾಳಿಗಳಿಗೇ ನೆರವು ಕೊಡಿ ಎಂದದ್ದು ಸುಮ್ನೆ ಅಲ್ಲ. ಬಿಡಿಭಾಗ ಕೊಡುವವರು ಎಲ್ಲರಿಗೂ ಅವರೇ. ಅವರನ್ನು ಉಳಿಸುವ ವಿಷಯದಲ್ಲಿ ನನಗೆ ಜಿಎಂ ದಾರಿಯೇ ಗಟ್ಟಿ ಅನಿಸುತ್ತದೆ.

ಬಾಳಿಕೆಯಲ್ಲಿ ಸರ್ಕಾರಿ ಒಡೆತನ ಹಿಂದೆ. ಬ್ರಿಟನ್ 1975ರಲ್ಲಿ ಕಾರು ಕಂಪನಿ ಬ್ರಿಟಿಷ್ ಲೇಲ್ಯಾಂಡನ್ನು ವಹಿಸಿಕೊಂಡಿತು. ಅದರ ಕುಡಿ ಎಂಜಿ ರೋವರ್ 2005ರಲ್ಲಿ ಮುಚ್ಚಿತು. ಅದರದೇ ಜಾಗ್ವಾರ್, ಲ್ಯಾಂಡ್ ರೋವರ್ ಉಳಿದು 2008ರಲ್ಲಿ ನಮ್ಮ ಟಾಟಾ ಪಾಲಾದವು.

ಕಾರು ಚೆನ್ನಾಗಿದ್ದು ಕೈಯಲ್ಲಿ ಕಾಸಿಲ್ಲದಿದ್ದರೆ ಜಾಮೀನು ಸಾಕು. ಸಾಲವೇ ಕುತ್ತಿಗೆಗೆ ಬಂದು, ಬ್ಯಾಂಕುಗಳೂ ಕೈಚೆಲ್ಲಿದ್ದರೆ ದಿವಾಳಿಯ ಜೊತೆ ಷೇರು. ಕೊಳ್ಳುವವರೇ ಇಲ್ಲದೆ ಇಡೀ ಊರು ಒಂದೇ ಕಾರ್ಖಾನೆಯನ್ನು ನಂಬಿದ್ದರೆ ಸರ್ಕಾರಿ ಒಡೆತನವನ್ನು ಸಮರ್ಥಿಸಬಹುದು. ಆಗ ಯಾವಾಗ ಹೊರಬರುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿಟ್ಟುಕೊಳ್ಳಿ.