ಕಾಲಂ ಹೆಸರು ವೇರಿಯಬಲ್‌ನಲ್ಲಿದ್ದಾಗ: ಎಕ್ಸಿಕ್ಯೂಟ್, ಎಚ್‌ಸ್ಟೋರ್, ಜೆಸನ್‌ಬಿ

ಹಲವು ಟೇಬಲ್‌ಗಳಿಗೆ ಒಂದೇ ಆಡಿಟ್ ಟ್ರಿಗರ್ (ಸಾಲು ಬದಲಾದಾಗ ತಾನಾಗಿ ಓಡಿ ಬದಲಾವಣೆಯನ್ನು ದಾಖಲಿಸುವ ಫಂಕ್ಷನ್) ಬರೆಯಲು ಹೊರಟರೆ, ಯಾವ ಕಾಲಂ ಓದಬೇಕು ಎನ್ನುವುದು ಮೊದಲೇ ಗೊತ್ತಿರುವುದಿಲ್ಲ. ಹೆಸರು ಟ್ರಿಗರ್‌ನ ಆರ್ಗ್ಯುಮೆಂಟ್ ಆಗಿ ಬರುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಫಂಕ್ಷನ್ ಭಾಷೆ ಪಿಎಲ್/ಪಿಜಿಎಸ್‌ಕ್ಯೂಎಲ್‌ನಲ್ಲಿ, ಹೊಸ ಸಾಲನ್ನು ಹಿಡಿದಿರುವ ‘ನ್ಯೂ’ ರೆಕಾರ್ಡ್‌ನ ಮುಂದೆ ಚುಕ್ಕಿ ಇಟ್ಟು ಆ ವೇರಿಯಬಲ್ ಬರೆದರೆ ಅದು ವೇರಿಯಬಲ್‌ನ ಹೆಸರಿನ ಕಾಲಮ್ಮನ್ನೇ ಹುಡುಕುತ್ತದೆ, ಸಿಗದೆ ಎರರ್ ಕೊಡುತ್ತದೆ. ಇದಕ್ಕಿರುವ ಮೂರು ದಾರಿಗಳನ್ನೂ ಒಂದೇ ಟ್ರಿಗರ್‌ನಲ್ಲಿ ಹಾಕಿ ನೋಡಿದೆ.

ಮೊದಲನೆಯದು ಎಕ್ಸಿಕ್ಯೂಟ್, ಅಂದರೆ ಸ್ಟ್ರಿಂಗ್ ಆಗಿ ಕಟ್ಟಿದ ಕ್ವೆರಿಯನ್ನು ಓಡಿಸುವುದು. ಕ್ವೆರಿಯನ್ನು ಫಾರ್ಮ್ಯಾಟ್ ಫಂಕ್ಷನ್‌ನಿಂದ ಕಟ್ಟಿ, ‘ಯೂಸಿಂಗ್’ ಮೂಲಕ ಇಡೀ ರೆಕಾರ್ಡ್ ಕಳಿಸುವುದು. ಕಾಲಂ ಹೆಸರಿಗೆ ‘ಶೇಕಡಾ ಐ’ (%I) ಗುರುತನ್ನೇ ಬಳಸಬೇಕು, ಇಲ್ಲದಿದ್ದರೆ ಇಂಜೆಕ್ಷನ್‌ಗೆ, ಅಂದರೆ ಹೆಸರಿನ ಜಾಗದಲ್ಲಿ ಬೇರೆ ಎಸ್‌ಕ್ಯೂಎಲ್ ನುಸುಳುವುದಕ್ಕೆ, ಬಾಗಿಲು ತೆರೆದ ಹಾಗೆ. ಕಾಲಮ್ಮಿನ ಮೌಲ್ಯ ಅದರದೇ ಟೈಪ್‌ನಲ್ಲಿ ಬರುತ್ತದೆ, ದಿನಾಂಕ ದಿನಾಂಕವಾಗಿಯೇ ಉಳಿಯುತ್ತದೆ. ಆದರೆ ಪ್ರತಿ ಸಲವೂ ಕ್ವೆರಿಯ ಪ್ಲಾನ್ ಹೊಸದಾಗಿ ತಯಾರಾಗಬೇಕು. ಸಾವಿರಾರು ಸಾಲುಗಳನ್ನು ಒಟ್ಟಿಗೆ ಅಪ್‌ಡೇಟ್ ಮಾಡುವಾಗ, ಅದರಲ್ಲೂ ಸಾಲೊಂದಕ್ಕೆ ಐದಾರು ಕಾಲಂ ಓದುವಾಗ, ಇದು ಎದ್ದು ಕಾಣುತ್ತದೆ.

ಎರಡನೆಯದು ಸಾಲನ್ನು ಕೀ-ಮೌಲ್ಯ ಜೋಡಿಗಳಾಗಿ ಇಡುವ ಎಚ್‌ಸ್ಟೋರ್. ಇದು ಎಕ್ಸ್‌ಟೆನ್ಶನ್ ಆದ್ದರಿಂದ ಮೊದಲು ಇನ್‌ಸ್ಟಾಲ್ ಮಾಡಿಕೊಳ್ಳಬೇಕು, ಎಲ್ಲ ಮೌಲ್ಯಗಳೂ ಟೆಕ್ಸ್ಟ್ ಆಗಿಬಿಡುತ್ತವೆ. ಆದರೂ ಆಡಿಟ್ ಕೆಲಸಕ್ಕೆ ನನಗೆ ಇದರ ಮೇಲೆ ಪ್ರೀತಿ. ಹೊಸ ಸಾಲಿನಿಂದ ಹಳೆಯದನ್ನು ಮೈನಸ್ ಚಿಹ್ನೆಯಿಂದ ಕಳೆದರೆ, ಬದಲಾದ ಕಾಲಂಗಳಷ್ಟೇ ಕೈಗೆ ಬರುತ್ತವೆ. ಎರಡು ಜೆಸನ್‌ಬಿಗಳ ನಡುವೆ ಹಾಗೆ ಕಳೆಯುವ ಆಪರೇಟರ್ ಇಲ್ಲ, ಲೂಪ್ ಬರೆಯಬೇಕು.

ಮೂರನೆಯದು ಜೆಸನ್‌ಬಿ, ಪೋಸ್ಟ್‌ಗ್ರೆಸ್‌ನ ಬೈನರಿ ಜೆಸನ್ ಟೈಪ್. ಸಾಲನ್ನು ಅದಕ್ಕೆ ಪರಿವರ್ತಿಸುವ, ಪೋಸ್ಟ್‌ಗ್ರೆಸ್ 9.5ರಿಂದ ಇರುವ ‘ಟು ಜೆಸನ್‌ಬಿ’ ಫಂಕ್ಷನ್‌ಗೆ ಯಾವ ಎಕ್ಸ್‌ಟೆನ್ಶನ್ನೂ ಬೇಡ. ಸಂಖ್ಯೆ, ಬೂಲಿಯನ್, ಅರೇ ತಮ್ಮ ರೂಪದಲ್ಲೇ ಉಳಿಯುತ್ತವೆ. ಟೈಮ್‌ಸ್ಟ್ಯಾಂಪ್, ದಿನಾಂಕದಂಥವು ಮಾತ್ರ ಸ್ಟ್ರಿಂಗ್ ಆಗುತ್ತವೆ. ಸಾಲನ್ನು ಒಮ್ಮೆ ಪರಿವರ್ತಿಸಿಕೊಂಡರೆ ಎಷ್ಟು ಕಾಲಂ ಬೇಕಾದರೂ ಅದರಿಂದಲೇ ಓದಬಹುದು. ‘ನ್ಯೂ’ವಿನ ಕಾಲಮ್ಮಿಗೆ ಹೊಸ ಮೌಲ್ಯ ಬರೆಯುವುದಕ್ಕಂತೂ ಇದೇ ಸಲೀಸು: ‘ಜೆಸನ್‌ಬಿ ಪಾಪ್ಯುಲೇಟ್ ರೆಕಾರ್ಡ್’ಗೆ ‘ನ್ಯೂ’ವನ್ನೂ ಬದಲಾಗಬೇಕಾದ ಕಾಲಂ ಹೆಸರು-ಮೌಲ್ಯದ ಒಂದು ಜೋಡಿಯನ್ನೂ ಕೊಟ್ಟರೆ, ಉಳಿದ ಕಾಲಂಗಳು ಇದ್ದಂತೆಯೇ ಇರುತ್ತವೆ. ಎಕ್ಸಿಕ್ಯೂಟ್‌ನಲ್ಲಿ ಇದೇ ಕೆಲಸಕ್ಕೆ ಇಡೀ ಸಾಲನ್ನು ಮತ್ತೆ ಕಟ್ಟಬೇಕು.

ವೇಗಕ್ಕಿಂತ ನನಗೆ ಮುಖ್ಯವಾಗಿ ಕಂಡ ವ್ಯತ್ಯಾಸ ಬೇರೆ. ಕಾಲಂ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಎಕ್ಸಿಕ್ಯೂಟ್ ತಕ್ಷಣ ನಿಲ್ಲುತ್ತದೆ. ಎಚ್‌ಸ್ಟೋರ್, ಜೆಸನ್‌ಬಿ ಎರಡೂ ಸದ್ದಿಲ್ಲದೆ ನಲ್ ಕೊಡುತ್ತವೆ. ಬರೆಯುವಾಗಲೂ ಅಷ್ಟೇ, ಗೊತ್ತಿಲ್ಲದ ಕೀಯನ್ನು ಪಾಪ್ಯುಲೇಟ್ ಫಂಕ್ಷನ್ ಕಡೆಗಣಿಸುತ್ತದೆ. ಆಡಿಟ್ ಟೇಬಲ್‌ನಲ್ಲಿ ಕೂತ ಆ ನಲ್ ನಿಜವಾದ ನಲ್ಲೋ ಅಕ್ಷರದೋಷವೋ ಎಂದು ಆಮೇಲೆ ಹೇಳುವುದು ಕಷ್ಟ. ಹಾಗಾಗಿ ಓದುವ ಮೊದಲು ಪ್ರಶ್ನಾರ್ಥಕ ಚಿಹ್ನೆಯ ಆಪರೇಟರ್‌ನಿಂದ ಕೀ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಎಕ್ಸೆಪ್ಷನ್ ಎಬ್ಬಿಸಲೇಬೇಕು.

ಈ ಪರೀಕ್ಷೆ ಸೇರಿಸಿಕೊಂಡ ಜೆಸನ್‌ಬಿಯೇ ಈಗ ನನ್ನ ಮೊದಲ ಆಯ್ಕೆ. ಸಾಲಿನಲ್ಲಿ ಫೈಲ್ ಅಥವಾ ಉದ್ದನೆಯ ಟೆಕ್ಸ್ಟ್ ತುಂಬಿದ ಕಾಲಂ ಇದ್ದರೆ ಮಾತ್ರ ಎಕ್ಸಿಕ್ಯೂಟ್ ಬಳಸುತ್ತೇನೆ: ಜೆಸನ್‌ಬಿ ಆ ದೊಡ್ಡ ಕಾಲಮ್ಮನ್ನೂ ಬಿಚ್ಚಿ ಪರಿವರ್ತಿಸುತ್ತದೆ, ನಮಗೆ ಬೇಕಿರುವುದು ಒಂದು ಪುಟ್ಟ ಐಡಿ ಆದರೂ.